ಡಾಕ್ಟ್ರಮ್ಮನ ಪರೀಕ್ಷೆ ಮತ್ತು ನಮ್ಮೆಲ್ಲರ ಆರೋಗ್ಯ

ನಮ್ಮ ಡಾಕ್ಟ್ರಮ್ಮನ ಕ್ಲಿನಿಕ್ಕಿನ ಮೂಲೆಯಲ್ಲಿರುವ ತೂಕದ ಯಂತ್ರ ವೈದ್ಯಶಾಸ್ತ್ರ ಓದಿಕೊಂಡಿದೆ ಎಂಬ ವಿಷಯದಲ್ಲಿ ನಮ್ಮ ಬೀದಿಯಲ್ಲಿ ಎರಡು ಮಾತಿಲ್ಲ. ಎಷ್ಟು ಓದಿಕೊಂಡಿದೆ ಎಂಬುದರಲ್ಲಿ ಮಾತ್ರ ಸ್ವಲ್ಪ ಭಿನ್ನಾಭಿಪ್ರಾಯವಿದೆ. ಬರೀ ಜ್ವರ, ನೆಗಡಿಯ ಮಟ್ಟಿಗೆ ಎನ್ನುವವರು ಕೆಲವರು. ಹೃದಯ, ಮೂತ್ರಪಿಂಡ, ಹೆರಿಗೆ ಎಲ್ಲ ಸಮೇತ ಎನ್ನುವವರು ಹಲವರು. ರೋಗಿ ಎದ್ದು ಹೋಗಿ ಬಾಗಿಲು ಮುಚ್ಚಿಕೊಂಡ ಕೂಡಲೇ ಡಾಕ್ಟ್ರಮ್ಮ ಆ ಯಂತ್ರದ ಕಡೆ ತಿರುಗಿ, "ಸರಿ ಹೇಳಿದ್ನಾ?" ಎಂದು ಕೇಳುತ್ತಾರೆ. ಯಂತ್ರದ ಮುಳ್ಳು ಅಲ್ಲಾಡುತ್ತದೆ. ಅರ್ಧ ಕಿಲೋ ಅಲ್ಲಾಡಿದರೆ ಕೊಟ್ಟ ಔಷಧಿ ಸರಿ, ಒಂದು ಕಿಲೋ ಆದರೆ ರಕ್ತಪರೀಕ್ಷೆ, ಎರಡಾದರೆ ದೊಡ್ಡಾಸ್ಪತ್ರೆ. ಒಮ್ಮೆ ಮುಳ್ಳು ನಾಲ್ಕು ಕಿಲೋ ಹಾರಿತಂತೆ. ಡಾಕ್ಟ್ರಮ್ಮ ಬರಿಗಾಲಲ್ಲಿ ಬೀದಿಗೆ ಓಡಿ, ಹೊರಟಿದ್ದ ಬಸ್ಸಿಗೆ ಅಡ್ಡ ನಿಂತು, ರೋಗಿಯನ್ನು ಇಳಿಸಿಕೊಂಡು ಬಂದು ಮಾತ್ರೆ ಬದಲಾಯಿಸಿದರಂತೆ. ನಿವೃತ್ತ ಪೋಸ್ಟ್‌ಮ್ಯಾನ್ ಈ ಕಥೆಯನ್ನು ಎದೆಯ ಮೇಲೆ ಕೈಯಿಟ್ಟು ಹೇಳುತ್ತಾರೆ. ಹೇಳಿದ ಹಾಗೆಲ್ಲ ಕಿಲೋ ಏರುತ್ತ ಹೋಗಿ ಮೊನ್ನೆಗೆ ಹನ್ನೊಂದಕ್ಕೆ ಬಂದು ನಿಂತಿದೆ.

ನನ್ನ ಔಷಧಿ ಅಂಗಡಿಗೂ ಕ್ಲಿನಿಕ್ಕಿಗೂ ಇರುವುದು ಒಂದೇ ಗೋಡೆ. ಆ ಗೋಡೆಯಲ್ಲಿ ಔಷಧಿ ಚೀಟಿ ದಾಟಿಸಲು ಒಂದು ಕಿಂಡಿಯಿದೆ. ಹೀಗಾಗಿ ಸತ್ಯ ಗೊತ್ತಿರುವವನು ನಾನೊಬ್ಬನೇ. ಬೀದಿಯಲ್ಲಿ ಲಾರಿ ಹೋದಾಗ ಮುಳ್ಳು ಅಲ್ಲಾಡುತ್ತದೆ, ಅಷ್ಟೆ. ಆದರೆ ಡಾಕ್ಟ್ರಮ್ಮ ಕೇಳುವುದು ಮಾತ್ರ ನಿಜ. ಇಪ್ಪತ್ತೆರಡು ವರ್ಷದಿಂದ ಒಂದು ಮೇಜು, ಎರಡು ಕುರ್ಚಿ, ಹಸಿರು ಪರದೆಯ ಹಿಂದೊಂದು ಮಂಚ ಇರುವ ಆ ಕೋಣೆಯಲ್ಲಿ ಅವರೊಬ್ಬರೇ ಡಾಕ್ಟ್ರು. ಕೇಳುವುದಾದರೂ ಯಾರನ್ನು? ನರ್ಸಕ್ಕನನ್ನು ಕೇಳಿದರೆ, "ನೀವು ಹೇಳಿದ್ಮೇಲೆ ಸರೀನೇ ಇರತ್ತೆ ಬಿಡಿ" ಎನ್ನುತ್ತಾರೆ. ಡಾಕ್ಟ್ರಮ್ಮನ ಮನೆಯವರು ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಾರೆ. ನಡುವೆ ಸಮ ಚಿಹ್ನೆ ಇಲ್ಲದ ಯಾವುದರ ಬಗ್ಗೆಯೂ ಅವರು ಅಭಿಪ್ರಾಯ ಹೇಳುವವರಲ್ಲ. ನಾನೋ, ಮಾತ್ರೆ ಎಣಿಸಿ ಕೊಡುವವನು. ಉಳಿದದ್ದು ತೂಕದ ಯಂತ್ರ. ಅದಕ್ಕಾದರೂ ಮುಳ್ಳಿದೆ.

ನಲವತ್ತೊಂಬತ್ತನೆಯ ವಯಸ್ಸಿನಲ್ಲಿ ಡಾಕ್ಟ್ರಮ್ಮ ಕುಟುಂಬ ವೈದ್ಯರ ತರಬೇತಿಗೆ ಸೇರಿದರು. ಎರಡು ವರ್ಷದ ಓದು, ಅರ್ಧ ಕಂಪ್ಯೂಟರ್ ಪರದೆಯ ಮೇಲೆ, ಅರ್ಧ ಎದುರುಬದುರು. ಮಂಗಳವಾರ, ಶುಕ್ರವಾರ ಸಂಜೆ ಆರರಿಂದ ಎಂಟರವರೆಗೆ ಕ್ಲಿನಿಕ್ಕಿನ ಮೇಜಿನ ಮೇಲೆ ಲ್ಯಾಪ್‌ಟಾಪ್ ತೆರೆದಿರುತ್ತಿತ್ತು. ಅದರಲ್ಲಿ ಮೂವತ್ತೆರಡು ಚೌಕಗಳು, ಒಂದೊಂದು ಚೌಕದಲ್ಲಿ ಒಂದೊಂದು ಊರಿನ ಒಬ್ಬೊಬ್ಬ ಡಾಕ್ಟ್ರು. ಎಲ್ಲರೂ ಅವರವರ ಊರಿನಲ್ಲಿ ಒಬ್ಬಂಟಿಗಳು. ನಡುವೆ ಇನ್ನೊಂದು ಚೌಕದಲ್ಲಿ ತರಬೇತಿಯ ಮೇಷ್ಟ್ರು, ಕುತ್ತಿಗೆಯಿಂದ ಮೇಲೆ. ಡಾಕ್ಟ್ರಮ್ಮನಿಗಿಂತ ಹತ್ತು ವರ್ಷ ಚಿಕ್ಕವರು. ಕಿಂಡಿಯ ಈಚೆ ಕೂತ ನಾನೂ ಎರಡು ವರ್ಷ ಪೂರ್ತಿ ಪಾಠ ಕೇಳಿದ್ದೇನೆ. ರೋಗಿಯ ಮಾತಿಗೆ ಹದಿನೆಂಟು ಸೆಕೆಂಡಿಗೇ ಅಡ್ಡ ಬಾಯಿ ಹಾಕಬಾರದು ಎಂಬುದು ನನಗೂ ಬಾಯಿಪಾಠವಾಗಿದೆ. ಯಾವ ವಿಶ್ವವಿದ್ಯಾಲಯವೂ ನನ್ನನ್ನು ಗುರುತಿಸಿಲ್ಲ, ಆ ಮಾತು ಬೇರೆ.

ಮೂರು ತಿಂಗಳಿಗೊಮ್ಮೆ ಮೂರು ದಿನ ಎಲ್ಲರೂ ನಗರದ ದೊಡ್ಡಾಸ್ಪತ್ರೆಯಲ್ಲಿ ಸೇರಬೇಕು. ಅಲ್ಲಿ ಒಬ್ಬರು ರೋಗಿಯ ಪಾತ್ರ ಮಾಡಿ ನರಳುವುದು, ಒಬ್ಬರು ಡಾಕ್ಟ್ರಾಗುವುದು, ಮೂರನೆಯವರು ಪಕ್ಕದಲ್ಲಿ ಕೂತು ನೋಡಿ ಹೇಳುವುದು. ಮೊದಲ ಸಲ ಹೋಗಿಬಂದ ಡಾಕ್ಟ್ರಮ್ಮ ಕಿಂಡಿಯಲ್ಲಿ ಮುಖವಿಟ್ಟು, ಬಹುಮಾನ ತಂದ ಶಾಲೆ ಹುಡುಗಿಯಂತೆ ಹೇಳಿದರು: "ಅಂಗಡಿಯವರೇ, ರೋಗಿ ಮಾತಾಡೋವಾಗ ನಾನು ಪೆನ್ನಿನ ಮುಚ್ಚಳ ಹಾಕಿಬಿಡ್ತೀನಂತೆ! ಒಬ್ಬರು ನೋಡಿ ಹೇಳಿದ್ರು. ನಂಗೇ ಗೊತ್ತಿರ್ಲಿಲ್ಲ."

"ಅದು ತಪ್ಪಾ, ಸರೀನಾ?"

"ಸರಿಯಂತೆ. ಅದಲ್ಲ ವಿಷಯ. ಯಾರೋ ನೋಡಿದ್ರು."

ಆದರೆ ಅದು ನಾಟಕ. ನರಳುವವನಿಗೆ ನೋವಿಲ್ಲ, ಬರೆದ ಮಾತ್ರೆ ಯಾರೂ ನುಂಗುವುದಿಲ್ಲ. ಡಾಕ್ಟ್ರಮ್ಮನಿಗೆ ಬೇಕಾಗಿದ್ದದ್ದು ಬೇರೆ. ತಮ್ಮದೇ ಕೋಣೆಯಲ್ಲಿ, ತಮ್ಮದೇ ರೋಗಿಗಳ ನಡುವೆ, ವಿಷಯ ಬಲ್ಲವರೊಬ್ಬರು ಒಂದು ದಿನ ಕೂತು ನೋಡಬೇಕು. ಎಲ್ಲಿ ತಪ್ಪುತ್ತಿದ್ದೇನೆ ಎಂದು ಹೇಳಬೇಕು. ತರಬೇತಿಯ ನಿಯಮದ ಪುಸ್ತಕದಲ್ಲಿ 'ಅಗತ್ಯವೆನಿಸಿದಲ್ಲಿ ಶಿಕ್ಷಕರು ಅಭ್ಯರ್ಥಿಯ ಕ್ಲಿನಿಕ್ಕಿಗೆ ಭೇಟಿ ನೀಡಬಹುದು' ಎಂಬ ಸಾಲೊಂದಿತ್ತು. ಅದರ ಕೆಳಗೆ ಅವರು ಪೆನ್ಸಿಲಿನಲ್ಲಿ ಎರಡು ಸಲ ಗೆರೆ ಎಳೆದಿದ್ದರು. ಒಂದು ಶುಕ್ರವಾರ ಧೈರ್ಯ ಮಾಡಿ ಕೇಳಿಯೂಬಿಟ್ಟರು.

"ಅದು ಹಳೇ ನಿಯಮ ಡಾಕ್ಟ್ರೇ" ಎಂದರು ಮೇಷ್ಟ್ರು. "ಈಗ ವಿಡಿಯೋ ಇದೆಯಲ್ಲ. ನಿಮ್ಮೂರಿಗೆ ಬರೋಕೆ ಏಳು ಗಂಟೆ, ವಾಪಸ್ ಹೋಗೋಕೆ ಏಳು ಗಂಟೆ. ವಿಡಿಯೋ ಆದ್ರೆ ಕೂತಲ್ಲೇ ನೋಡ್ತೀನಿ."

"ಹೌದು ಸರ್. ಸುಮ್ನೆ ಕೇಳ್ದೆ."

ಈ 'ಸುಮ್ನೆ ಕೇಳ್ದೆ' ನನಗೆ ಚೆನ್ನಾಗಿ ಗೊತ್ತು. ಗಾಲಿಕುರ್ಚಿ ಬಾಡಿಗೆಗೆ ಸಿಗುತ್ತದೆಯೇ ಎಂದು ವಿಚಾರಿಸಿ ಹೊರಡುವವರೆಲ್ಲ ನನ್ನ ಗಲ್ಲಾದ ಮುಂದೆ ಇದೇ ದನಿಯಲ್ಲಿ ಇದೇ ಮಾತು ಹೇಳುತ್ತಾರೆ.

ಎರಡನೆಯ ವರ್ಷದ ಕೊನೆಗೆ ಅಂತಿಮ ಪರೀಕ್ಷೆ ಬಂತು. ಎಂಟು ನಿಜವಾದ ರೋಗಿಗಳನ್ನು ನೋಡುವ ವಿಡಿಯೋ ಮಾಡಿ ಮೇಷ್ಟ್ರಿಗೆ ಕಳಿಸಬೇಕು. ತಿಂಗಳೊಳಗೆ ಮುಗಿಯದಿದ್ದರೆ ಇನ್ನೊಂದು ವರ್ಷ. ದಪ್ಪ ಪುಸ್ತಕಗಳನ್ನು ಒಂದರ ಮೇಲೊಂದು ಪೇರಿಸಿ, ಅದರ ಮೇಲೆ ಫೋನು ನಿಲ್ಲಿಸಿದ್ದಾಯಿತು. ಮೇಜು, ಎರಡು ಕುರ್ಚಿ, ಮುಕ್ಕಾಲು ಡಾಕ್ಟ್ರಮ್ಮ ಅದರಲ್ಲಿ ಕಾಣುತ್ತಿದ್ದರು. ರೋಗಿಗಳ ಒಪ್ಪಿಗೆ ಪಡೆಯುವ ಕೆಲಸ ನರ್ಸಕ್ಕನದು. ನಿಯಮದ ಪ್ರಕಾರ ಎಲ್ಲವನ್ನೂ ಶಾಂತವಾಗಿ ವಿವರಿಸಬೇಕಿತ್ತು. ನರ್ಸಕ್ಕ ಕಾಯುವವರ ಸಾಲಿನ ಮುಂದೆ ನಿಂತು ಘೋಷಿಸಿದರು: "ಇವತ್ತು ನಮ್ಮ ಡಾಕ್ಟ್ರಮ್ಮಂಗೆ ಪರೀಕ್ಷೆ. ಒಳಗೆ ಕ್ಯಾಮೆರಾ ಇದೆ. ಇಷ್ಟ ಇದ್ದೋರು ಸಹಿ ಹಾಕಿ, ಇಲ್ದೋರು ನಾಳೆ ಬನ್ನಿ."

ಅಷ್ಟೇ ಸಾಕಾಯಿತು. ಸಾಲಿನಲ್ಲಿ ಗುಸುಗುಸು ಎದ್ದಿತು. ನಮ್ಮ ಡಾಕ್ಟ್ರಮ್ಮನನ್ನು ಪರೀಕ್ಷೆ ಮಾಡುವಷ್ಟು ದೊಡ್ಡವನು ಯಾವನು? ಮಾಡಲಿ, ತೋರಿಸೋಣ. ಆ ಕ್ಷಣದಲ್ಲಿ ನಮ್ಮ ಬೀದಿಯ ಸಮಸ್ತ ಕಾಯಿಲೆಗಳೂ ರಣರಂಗ ಬಿಟ್ಟು ಪಲಾಯನ ಮಾಡಿದವು.

ಮೊದಲು ಹೋದವನು ದರ್ಜಿ. ಇಪ್ಪತ್ತು ವರ್ಷದಿಂದ ಮಂಡಿನೋವು.

"ಮಂಡಿನೋವು ಹೇಗಿದೆ?" ಎಂದು ಡಾಕ್ಟ್ರಮ್ಮ ಕೇಳಿದರು.

"ಯಾವ ಮಂಡಿ?" ಎಂದ ದರ್ಜಿ. ಕುರ್ಚಿ ಬಿಟ್ಟೆದ್ದು ಎರಡು ಬಸ್ಕಿ ಹೊಡೆದ. ಮೂರನೆಯದಕ್ಕೆ ಕೂತವನನ್ನು ನರ್ಸಕ್ಕ ಹಿಡಿದೆತ್ತಬೇಕಾಯಿತು.

ಪೋಸ್ಟ್‌ಮ್ಯಾನ್ ಒಂಬತ್ತು ನಿಮಿಷ ಕೆಮ್ಮು ತಡೆದು ಕೂತರು. ಕಣ್ಣಲ್ಲಿ ನೀರು ಧಾರಾಕಾರ, ಮುಖ ಟೊಮೇಟೊ. "ಎದೆ? ಬಂಡೆ ಇದ್ದಂಗಿದೆ" ಎಂದಷ್ಟೇ ಹೇಳಿ ಹೊರಬಂದು, ನನ್ನ ಅಂಗಡಿಯ ಮೆಟ್ಟಿಲ ಮೇಲೆ ಕೂತು ಬಾಕಿ ಕೆಮ್ಮನ್ನೆಲ್ಲ ಒಟ್ಟಿಗೆ ತೀರಿಸಿದರು. ವಾರಕ್ಕೊಮ್ಮೆ ತಲೆನೋವು ತರುವ ಬೇಕರಿಯಾಕೆ ಮದುವೆಗೆ ಹೋಗುವ ಬಟ್ಟೆಯಲ್ಲಿ ಬಂದು, ಡಾಕ್ಟ್ರಮ್ಮನಿಗೆ ಬೆನ್ನು ಮಾಡಿ ಫೋನಿಗೆ ಮುಖ ಕೊಟ್ಟು ಕೂತಳು. "ಸಾರ್, ಇವರ ಕೈಗುಣ ಅಂದ್ರೆ ಕೈಗುಣ. ದಯವಿಟ್ಟು ಪಾಸ್ ಮಾಡಿ" ಎಂದು ಕೈ ಮುಗಿದಳು.

ಎಂಟು ವಿಡಿಯೋ, ಎಂಟೂ ಆರೋಗ್ಯವಂತರು. ಮಂಗಳವಾರ ಪಾಠ ಮುಗಿದು ಉಳಿದವರೆಲ್ಲ ಹೋದ ಮೇಲೆ ಮೇಷ್ಟ್ರು ಕೇಳಿದರು: "ಡಾಕ್ಟ್ರೇ, ನಿಮ್ಮೂರಲ್ಲಿ ಯಾರಿಗೂ ಕಾಯಿಲೇನೇ ಬರಲ್ವಾ? ಹಾಗಿದ್ರೆ ನಿಮಗೆ ತರಬೇತಿ ಯಾಕೆ ಬೇಕಿತ್ತು?"

ಎರಡನೆಯ ಸಲದ ಅನಾಹುತಕ್ಕೆ ನಾನೇ ಹೊಣೆ, ಬಚ್ಚಿಟ್ಟು ಪ್ರಯೋಜನವಿಲ್ಲ. "ಕಾಯಿಲೆ ಇದ್ರೇನೇ ಪಾಸಂತೆ ಕಣ್ರೋ" ಎಂದು ಗಲ್ಲಾದಲ್ಲಿ ಕೂತು ಸುದ್ದಿ ಹಬ್ಬಿಸಿದೆ. "ಯಾವ ಕಾಯಿಲೆ ಹೇಳೋಣ?" ಎಂದು ಜನ ಕೇಳಿದರು. ಅವರವರ ಕಾಯಿಲೆ ಹೇಳಿ ಎಂದಿದ್ದರೆ ಮುಗಿಯುತ್ತಿತ್ತು. ಆದರೆ ಪರೀಕ್ಷೆಯಲ್ಲವೇ, ಸ್ವಲ್ಪ ಘನವಾಗಿರಲಿ ಎಂದು, ಮಾತ್ರೆಯ ಪೆಟ್ಟಿಗೆಗಳೊಳಗೆ ಮಡಚಿಟ್ಟಿರುತ್ತಾರಲ್ಲ ಅಡ್ಡಪರಿಣಾಮಗಳ ಪಟ್ಟಿಯಿರುವ ಆ ಸೂಚನೆಯ ಹಾಳೆಗಳನ್ನು ಒಬ್ಬೊಬ್ಬರಿಗೆ ಒಂದೊಂದು ಹಂಚಿದೆ. ಎರಡು ದಿನ ಬೀದಿಯಲ್ಲಿ ಎಲ್ಲಿ ನೋಡಿದರೂ ಬಾಯಿಪಾಠ. ಮತ್ತೆ ಎಂಟು ವಿಡಿಯೋ ಹೋದವು.

ಆ ಶುಕ್ರವಾರ ಕಿಂಡಿಯಿಂದ ಮೇಷ್ಟ್ರ ದನಿ ಕೇಳಿತು. "ಆ ಪೋಸ್ಟ್‌ಮ್ಯಾನ್ ಏನು ಹೇಳ್ತಾರೆ, ಇನ್ನೊಂದ್ಸಲ ನೋಡೋಣ ಇರಿ." ವಿಡಿಯೋದಲ್ಲಿ ಪೋಸ್ಟ್‌ಮ್ಯಾನ್ ಕಣ್ಣು ಮುಚ್ಚಿಕೊಂಡು ಹೇಳುತ್ತಿದ್ದರು: "ವಾಕರಿಕೆ, ತಲೆಸುತ್ತು, ಬಾಯಿ ಒಣಗುವಿಕೆ, ಅಪರೂಪಕ್ಕೆ ನಾಲಗೆಯ ಊತ."

"ಡಾಕ್ಟ್ರೇ, 'ಅಪರೂಪಕ್ಕೆ' ಅಂತ ಯಾವ ರೋಗಿ ಹೇಳ್ತಾನೆ?"

ಕೇಳಿದ ಮೇಷ್ಟ್ರೇ ನಕ್ಕರು. ಚೌಕ ಅಲ್ಲಾಡುವಷ್ಟು ನಕ್ಕು, ಕನ್ನಡಕ ತೆಗೆದು ಕಣ್ಣೊರೆಸಿಕೊಂಡು, ಕೊನೆಗೆ ಅಂದರು: "ಇದು ವಿಡಿಯೋದಲ್ಲಿ ಆಗೋ ಕೆಲಸ ಅಲ್ಲ. ಗುರುವಾರ ನಾನೇ ಬರ್ತೀನಿ."

ಆಮೇಲೆ ಮತ್ತೆ ಅವರದೇ ದನಿ.

"ಡಾಕ್ಟ್ರೇ? ನಿಮ್ಮ ಮೈಕ್ ಆಫ್ ಆಗಿದೆಯಾ?"

ಮೈಕ್ ಆಫ್ ಆಗಿರಲಿಲ್ಲ. ಕಿಂಡಿಯ ಈಚೆ ಇದ್ದ ನನಗೆ ಡಾಕ್ಟ್ರಮ್ಮ ಮೂಗು ಎಳೆದುಕೊಂಡ ಸದ್ದು ಕೇಳಿತು.

ಬುಧವಾರ ಇಡೀ ದಿನ ಡಾಕ್ಟ್ರಮ್ಮ ಕೋಣೆ ಒರೆಸಿದರು. ಮೇಷ್ಟ್ರು ಕೂರಲು ಮನೆಯಿಂದ ಕುರ್ಚಿ ತಂದರು, ಅದು ಎತ್ತರವಾಯಿತೆಂದು ಸ್ಟೂಲು ತಂದರು, ಸ್ಟೂಲು ಅವಮಾನವಾದೀತೆಂದು ಮತ್ತೆ ಕುರ್ಚಿ ತಂದರು. ಮೂರು ಸಲವೂ ಹೊತ್ತವರು ಮನೆಯವರು. "ಇನ್‌ಸ್ಪೆಕ್ಷನ್ ದಿನ ನಮ್ಮ ಹೆಡ್‌ಮಾಸ್ಟರೂ ಇಷ್ಟು ಹೆದರಿರಲಿಲ್ಲ ಮಾರಾಯ್ತಿ" ಎಂದರು ಅವರು.

"ಹೆದರಿಕೆ ಅಲ್ಲರೀ" ಎಂದರು ಡಾಕ್ಟ್ರಮ್ಮ. ಕುರ್ಚಿಯನ್ನು ಇನ್ನೊಮ್ಮೆ ಒರೆಸಿ, ಸ್ಟೂಲೂ ಇರಲಿ ಎಂದು ಅಲ್ಲೇ ಬಿಟ್ಟರು.

ಗುರುವಾರ ಬೆಳಿಗ್ಗೆ ಮೇಷ್ಟ್ರು ಬಂದರು. ಎರಡು ವರ್ಷ ಪರದೆಯ ತುಂಬ ತುಂಬಿಕೊಂಡಿದ್ದ ಆ ಭಾರೀ ಮುಖ ನಿಜದಲ್ಲಿ ನನ್ನ ಭುಜದ ಎತ್ತರಕ್ಕಿತ್ತು. ಬೀದಿಗೆ ಬೀದಿಯೇ ನಿರಾಶೆಗೊಂಡಿತು. ಕಾಯುವವರ ಸಾಲಿಗೆ ಅವರು ಸಣ್ಣ ದನಿಯಲ್ಲಿ ಹೇಳಿದರು: "ನಾನು ನೋಡೋಕೆ ಬಂದಿರೋದು ಇವರನ್ನ, ನಿಮ್ಮನ್ನಲ್ಲ. ಬೇಡ ಅಂದೋರು ಹೇಳಿ, ಎದ್ದು ಹೊರಗೆ ಹೋಗ್ತೀನಿ." ಒಳಗೆ ಹೋಗಿ, ಎಷ್ಟು ಹೇಳಿದರೂ ಕುರ್ಚಿಯಲ್ಲಿ ಕೂರದೆ, ಸ್ಟೂಲನ್ನು ಮೂಲೆಗೆಳೆದುಕೊಂಡು ತೂಕದ ಯಂತ್ರದ ಪಕ್ಕ ಕೂತರು.

ಮೊದಲ ಇಬ್ಬರನ್ನು ನೋಡುವಾಗ ಡಾಕ್ಟ್ರಮ್ಮ ರಕ್ತದೊತ್ತಡದ ಪಟ್ಟಿಯನ್ನು ಒಬ್ಬನ ತೋಳಿಗೆ ಎರಡು ಸಲ ತಿರುಗಾಮುರುಗಾ ಸುತ್ತಿದ್ದನ್ನು ಕಿಂಡಿಯಿಂದ ನಾನೇ ನೋಡಿದೆ. ಮೂರನೆಯವರು ಪೋಸ್ಟ್‌ಮ್ಯಾನ್. ಮೂಲೆಯಲ್ಲಿ ಕೂತ ಗಿಡ್ಡ ಮನುಷ್ಯನನ್ನು ಐದು ನಿಮಿಷದಲ್ಲಿ ಮರೆತು, ಎರಡು ವಾರದಿಂದ ಆ ಕೋಣೆಯಲ್ಲಿ ತಡೆದಿಟ್ಟ ಕೆಮ್ಮನ್ನೆಲ್ಲ ಮನಸಾರೆ ಕೆಮ್ಮಿದರು. ಡಾಕ್ಟ್ರಮ್ಮನೂ ಮರೆತರು. ಎದೆಗೆ ಸ್ಟೆಥಾಸ್ಕೋಪ್ ಇಟ್ಟರು, ಬೆನ್ನಿಗಿಟ್ಟರು, ಬೈದರು, ಔಷಧಿ ಬರೆದರು, ಕಳಿಸಿದರು. ಬಾಗಿಲು ಮುಚ್ಚಿತು. ಇಪ್ಪತ್ತೆರಡು ವರ್ಷದ ಅಭ್ಯಾಸ, ತಡೆಯುವುದುಂಟೇ? ಮೂಲೆಗೆ ತಿರುಗಿ ಕೇಳಿಯೇಬಿಟ್ಟರು.

"ಸರಿ ಹೇಳಿದ್ನಾ?"

"ಸರಿ" ಎಂದಿತು ಮೂಲೆ.

ಡಾಕ್ಟ್ರಮ್ಮ ಬೆಚ್ಚಿಬಿದ್ದರು. ಆಮೇಲೆ ಇಬ್ಬರೂ ಏನೂ ಆಗದವರಂತೆ ಮುಂದಿನ ರೋಗಿಯನ್ನು ಕರೆದರು. ಆದರೆ ಅಲ್ಲಿಂದ ಮುಂದೆ ಪ್ರತಿಸಲ ಅವರು ಕೇಳಿದರು, ಪ್ರತಿಸಲ ಉತ್ತರ ಬಂತು. "ಸರಿ." "ಸರಿ, ಮಾತ್ರೆ ಒಂದು ಹೊತ್ತಿಗೆ ಸಾಕಿತ್ತು." "ಸರಿ, ನಾನಾಗಿದ್ರೆ ಅಷ್ಟು ಹೊತ್ತು ಕೇಳ್ತಿರಲಿಲ್ಲ." ಬಾಯಾರಿದವರು ನೀರು ಕುಡಿಯುವುದನ್ನು ನೀವು ನೋಡಿದ್ದರೆ, ಆ ಬೆಳಿಗ್ಗೆ ಡಾಕ್ಟ್ರಮ್ಮನ ಮುಖ ಹೇಗಿತ್ತೆಂದು ನಾನು ಹೇಳಬೇಕಿಲ್ಲ.

ಹನ್ನೊಂದೂವರೆಗೆ ದರ್ಜಿ ಬಂದ. ಈ ಸಲ ಸತ್ಯವನ್ನೇ ಹೇಳಿದ. ಮಂಡಿ ನೋಯುತ್ತದೆ, ಮೆಟ್ಟಿಲು ಇಳಿಯುವಾಗ ಹೆಚ್ಚು. ಡಾಕ್ಟ್ರಮ್ಮ ಮಂಡಿ ಒತ್ತಿ ನೋಡಿ, ವ್ಯಾಯಾಮ ಹೇಳಿಕೊಟ್ಟು, ಮುಲಾಮು ಬರೆದರು. ಅವನು ಹೋದ.

"ಸರಿ ಹೇಳಿದ್ನಾ?"

"ಇಲ್ಲ" ಎಂದರು ಮೇಷ್ಟ್ರು.

ನನ್ನ ಕೈಯಲ್ಲಿದ್ದ ಮುಲಾಮಿನ ಟ್ಯೂಬು ಹಾಗೇ ನಿಂತಿತು.

"ಒಳಗೆ ಬರೋವಾಗ ಅವರ ಎಡಭುಜ ಬಾಗಿಲ ಚೌಕಟ್ಟಿಗೆ ತಗುಲಿತು" ಎಂದರು ಮೇಷ್ಟ್ರು. "ಹೋಗೋವಾಗಲೂ ತಗುಲಿತು. ಆಗಲೂ ಎಡಭುಜಾನೇ."

"ಮಂಡಿನೋವು ಸರ್. ಓಲಾಡ್ತಾನೆ."

"ಮಂಡಿನೋವಾದ್ರೆ ಒಂದ್ಸಲ ಎಡ, ಒಂದ್ಸಲ ಬಲ ತಗುಲಬೇಕಲ್ವಾ?"

ಡಾಕ್ಟ್ರಮ್ಮ ಬಾಗಿಲನ್ನೇ ನೋಡುತ್ತ ನಿಂತರು. ಅವರ ಕುರ್ಚಿಯಿಂದ ನೋಡಿದರೆ ಬಾಗಿಲಿಗೆ ಹಸಿರು ಪರದೆ ಅಡ್ಡ. ಪುಸ್ತಕದ ಪೇರಿಯ ಮೇಲೆ ನಿಂತಿದ್ದ ಫೋನಿಗಂತೂ ಬಾಗಿಲೇ ಇರಲಿಲ್ಲ. ಮೂಲೆಯ ಸ್ಟೂಲಿನಿಂದ ಮಾತ್ರ ಅದು ಪೂರ್ತಿ ಕಾಣುತ್ತಿತ್ತು.

ಅವರು ಚಪ್ಪಲಿ ಮೆಟ್ಟಿಕೊಂಡು ನೇರ ಬೀದಿಗಿಳಿದರು. ಹಿಂದೆ ಮೇಷ್ಟ್ರು. ಅವರ ಹಿಂದೆ ಮುಲಾಮು ಕೊಡುವ ನೆಪದಲ್ಲಿ ನಾನು. ನಾಲ್ಕು ಅಂಗಡಿ ದಾಟಿದರೆ ದರ್ಜಿಯ ಅಂಗಡಿ. ಅವನ ಹೆಂಡತಿ ಸೂಜಿಗೆ ದಾರ ಪೋಣಿಸಿಕೊಡುತ್ತಿದ್ದಳು. ಮೂವರನ್ನೂ ಕಂಡು ದರ್ಜಿ ಹೌಹಾರಿದ.

"ಅಯ್ಯೋ ಡಾಕ್ಟ್ರಮ್ಮ, ಫೇಲಾದ್ರಾ? ನಾನು ನಿಜಾನೇ ಹೇಳಿದ್ನಲ್ಲ!"

"ಸುಮ್ನಿರಪ್ಪ. ಬಲಗಣ್ಣು ಕೈಯಲ್ಲಿ ಮುಚ್ಚಿಕೋ. ನನ್ನ ಮೂಗನ್ನೇ ನೋಡ್ತಿರು. ಈ ಕಡೆ ಬೆರಳು ಅಲ್ಲಾಡಿಸ್ತೀನಿ, ಕಂಡಾಗ ಹೇಳು."

ದರ್ಜಿ ನಗುತ್ತ ಮುಚ್ಚಿಕೊಂಡ. ಡಾಕ್ಟ್ರಮ್ಮ ಬೆರಳನ್ನು ದೂರದಿಂದ ತಂದರು, ಹತ್ತಿರ ತಂದರು, ಇನ್ನೂ ಹತ್ತಿರ ತಂದರು.

"ಯಾವಾಗ ಶುರು ಮಾಡ್ತೀರಿ?" ಎಂದ ಅವನು.

ಬೆರಳು ಅವನ ಕೆನ್ನೆಯ ಪಕ್ಕದಲ್ಲೇ ಇತ್ತು. ಅವನ ಹೆಂಡತಿ ಅದನ್ನು ನೋಡಿದಳು. ಅವಳ ಮುಖ ನೋಡಿ ನಾನು ಬೇರೆ ಕಡೆ ತಿರುಗಿದೆ.

ಕಣ್ಣಿನೊಳಗಿನ ಒತ್ತಡ ಹೆಚ್ಚಿ ನೋಟ ಅಂಚಿನಿಂದ ಸದ್ದಿಲ್ಲದೆ ಸವೆಯುವ ಕಾಯಿಲೆ. ಆ ಮಧ್ಯಾಹ್ನವೇ ಕಣ್ಣಾಸ್ಪತ್ರೆಗೆ ಚೀಟಿ ಬರೆದು ಕಳಿಸಿದರು. ಎಡಗಣ್ಣು ಬಹುಪಾಲು ಹೋಗಿತ್ತು, ಹೋದದ್ದು ಬರುವುದಿಲ್ಲ. ಬಲಗಣ್ಣಿಗೆ ಆಗಷ್ಟೇ ಶುರುವಾಗಿತ್ತು. ದಿನವೂ ಹನಿ ಬಿಟ್ಟುಕೊಂಡರೆ ಅದು ಉಳಿಯುತ್ತದೆ. ಉಳಿದಿದೆ ಕೂಡ. ಅವನು ಈಗಲೂ ಹೊಲಿಯುತ್ತಾನೆ.

ಮೇಷ್ಟ್ರು ಐದು ಗಂಟೆಯ ಬಸ್ಸಿಗೆ ಹೊರಟರು. ನಿಲ್ದಾಣದಲ್ಲಿ ಡಾಕ್ಟ್ರಮ್ಮ ಬಿಡದೆ ಕೇಳುತ್ತಿದ್ದರು: "ಇನ್ನೇನಾದ್ರೂ ಇದೆಯಾ ಸರ್? ಬೇರೆ ಏನಾದ್ರೂ? ಚಿಕ್ಕದಾದ್ರೂ ಪರವಾಗಿಲ್ಲ."

"ಡಾಕ್ಟ್ರೇ, ನೀವು ಪಾಸಾಗಿದ್ದೀರಿ."

"ಅದು ಸರಿ ಸರ್. ಬೇರೆ?"

ಬಸ್ಸು ಹೊರಟಿತು. ಮೇಷ್ಟ್ರು ಕಿಟಕಿಯಿಂದ ಏನೋ ಹೇಳಿದರು, ಸದ್ದಿನಲ್ಲಿ ಕೇಳಲಿಲ್ಲ. ಡಾಕ್ಟ್ರಮ್ಮ ಬಸ್ಸಿನ ಜೊತೆ ನಾಲ್ಕು ಹೆಜ್ಜೆ ನಡೆದು ನಿಂತರು.

ಮುಂದಿನ ತಿಂಗಳು ಪಾಠಗಳು ಮುಗಿದವು. ಮೂವತ್ತೆರಡು ಚೌಕಗಳೂ ಅವರವರ ಊರಿನ ಒಂಟಿ ಕೋಣೆಗಳಿಗೆ ಮರಳಿದವು. ಮಂಗಳವಾರ ಸಂಜೆ ಆರಕ್ಕೆ ಡಾಕ್ಟ್ರಮ್ಮ ಲ್ಯಾಪ್‌ಟಾಪ್ ತೆರೆಯುವ ಸದ್ದು ಆಮೇಲೂ ಕೆಲವು ವಾರ ಕೇಳುತ್ತಿತ್ತು. ಸ್ವಲ್ಪ ಹೊತ್ತಾದ ಮೇಲೆ ಮುಚ್ಚುವ ಸದ್ದು. ನಡುವೆ ಯಾರ ದನಿಯೂ ಇಲ್ಲ. ಹಾಳಾದ್ದು, ನನಗೂ ಅಂಗಡಿಯಲ್ಲಿ ಬೇಸರವಾಗುತ್ತಿತ್ತು.

ಪ್ರಮಾಣಪತ್ರ ಬಂದ ದಿನ ಬೀದಿಯೇ ಕ್ಲಿನಿಕ್ಕಿನ ಮುಂದೆ ನೆರೆಯಿತು. ಪೋಸ್ಟ್‌ಮ್ಯಾನ್ ಭಾಷಣ ಮಾಡಿದರು, ದರ್ಜಿ ಹೊಸ ಬಿಳಿ ಕೋಟು ಹೊಲಿದು ತಂದಿದ್ದ, ಬೇಕರಿಯಾಕೆ ಕೇಕು. ಜನ ಚದುರಿದ ಮೇಲೆ ನಾನು ಕಿಂಡಿಯಲ್ಲಿ ತಲೆಯಿಟ್ಟು ನನ್ನ ಪಾಲಿನ ಭಾಷಣ ಶುರುಮಾಡಿದೆ.

"ಡಾಕ್ಟ್ರಮ್ಮ, ಇಪ್ಪತ್ತೆರಡು ವರ್ಷದ ತಪಸ್ಸು ನಿಮ್ಮದು. ಅದಕ್ಕೆ ಗುರು ಏಳು ಗಂಟೆ ದಾರಿ ಸವೆಸಿಕೊಂಡು ತಾನಾಗಿ ಬಂದ. ಒಂದು ಕಣ್ಣು ಉಳೀತು. ಬೀದಿಯ ಮಾನ ಉಳೀತು. ಬಂಗಾರದ ಅಕ್ಷರದ ಪತ್ರ ಬಂತು. ಇಷ್ಟೆಲ್ಲ ಆದ್ಮೇಲೆ ಈಗ ನಿಮ್ಮ ಮನಸ್ಸಲ್ಲಿ ಏನಿದೆ, ಹೇಳಿ ನೋಡೋಣ."

ಡಾಕ್ಟ್ರಮ್ಮ ಹೊಸ ಕೋಟಿನ ಕೊನೆಯ ಗುಂಡಿ ಹಾಕಿಕೊಂಡರು.

"ಏನಿಲ್ಲ ಅಂಗಡಿಯವರೇ. ಅವರು ಇನ್ನೊಂದು ದಿನ ಇದ್ದಿದ್ರೆ ಇನ್ನೊಂದು ತಪ್ಪು ಸಿಗ್ತಿತ್ತು."